ಸಹಾರಾ ಓಟಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊರಾಕ್ಕೋದ ಮ್ಯಾರಥಾನ್ ದೆ ಸಾಬ್ಲ್‌ಗೆ ಹೆಸರು ಕೊಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ.

1986ರಿಂದ ನಡೆಯುತ್ತಿರುವ ಈ ಓಟ ಸುಮಾರು 250 ಕಿ.ಮೀ. ನೀರು, ಮಲಗಲು ಡೇರೆ ಆಯೋಜಕರೇ ಕೊಡುತ್ತಾರೆ. ಊಟ, ಹಾಸಿಗೆ, ಔಷಧಿ ಎಲ್ಲಾ ನಮ್ಮ ಬೆನ್ನ ಮೇಲೆ. ದಿನಕ್ಕೆ ಕನಿಷ್ಠ 2000 ಕ್ಯಾಲೊರಿ ಆಹಾರ ಇರಲೇಬೇಕು, ತಪಾಸಣೆ ಮಾಡುತ್ತಾರೆ. ಅವಲಕ್ಕಿ, ಹುರಿದ ಕಡಲೆಕಾಯಿ ಬೀಜ, ಚಟ್ನಿಪುಡಿ ನನ್ನ ಮೊದಲ ಆಯ್ಕೆ. ಅವಲಕ್ಕಿ ತಣ್ಣೀರಲ್ಲೇ ನೆನೆಯುತ್ತದೆ, ಒಲೆ ಹೊರುವ ತೂಕ ಉಳಿಯಿತು. ಬೀಜದಲ್ಲಿ ನೂರು ಗ್ರಾಂಗೆ 550ಕ್ಕೂ ಹೆಚ್ಚು ಕ್ಯಾಲೊರಿ. ಬೆಲ್ಲದ ಚಿಕ್ಕಿ ಮಾತ್ರ ಬೇಡ, ಬಿಸಿಲಿಗೆ ಕರಗಿ ಕವರಿಗೆ ಅಂಟಿಕೊಳ್ಳುತ್ತದೆ.

ಕಾಲಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಮರಳು ಶೂ ಒಳಗೆ ಹೋದರೆ ಬೊಬ್ಬೆ ಖಂಡಿತ. ಗೇಟರ್‌ನ (ಮರಳು ಒಳಗೆ ಹೋಗದಂತೆ ಶೂ ಮೇಲೆ ಹಾಕುವ ಬಟ್ಟೆಯ ಕವಚ) ವೆಲ್ಕ್ರೋವನ್ನು ಬರೀ ಗಮ್ಮಿನಲ್ಲಿ ಅಂಟಿಸಬೇಡಿ, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಚಮ್ಮಾರರ ಹತ್ತಿರ ಅಟ್ಟೆಯ ಅಂಚಿನ ಸುತ್ತ ಹೊಲಿಸಿ, ಮೇಲೆ ಗಮ್ ಹಾಕಿಸಿ. ಪಾದ ಊದುವುದರಿಂದ ಶೂ ಸ್ವಲ್ಪ ದೊಡ್ಡದೇ ಇರಲಿ.

ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ.

ಮರಳುಗಾಳಿ ಎದ್ದು ದಾರಿ ಕಾಣದಿದ್ದರೆ ಅಲ್ಲೇ ನಿಲ್ಲಿ. 1994ರಲ್ಲಿ ಇದೇ ಓಟದಲ್ಲಿ ಇಟಲಿಯ ಓಟಗಾರ ಮೌರೋ ಪ್ರೋಸ್ಪೆರಿ ಬಿರುಗಾಳಿಯಲ್ಲಿ ದಾರಿ ತಪ್ಪಿ, ದಿನಗಟ್ಟಲೆ ಅಲೆದು ಅಲ್ಜೀರಿಯಾ ಸೇರಿದ್ದರು. ಬದುಕಿದ್ದೇ ದೊಡ್ಡದು. ಸಮಯ ಹೋದರೆ ಹೋಗಲಿ, ನೀವೆಲ್ಲ ಕ್ಷೇಮವಾಗಿ ಬರಬೇಕು.

ಇಸಿಜಿ, ವೈದ್ಯರ ಪ್ರಮಾಣಪತ್ರ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಭಾನುವಾರದ ಅಭ್ಯಾಸದ ಓಟಕ್ಕೆ ಬ್ಯಾಗ್ ತುಂಬಿಕೊಂಡೇ ಬನ್ನಿ. ತೂಕದ ಯಂತ್ರ ನಾನು ತರುತ್ತೇನೆ.