ಅಳಿವೆಯ ದಾರಿ ಸರಿದರೆ ಬೋಯ್‌ಗಳೂ ಸರಿಯಬೇಕು

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ, ನದಿ ಕಡಲು ಸೇರುವ ಕರಾವಳಿಯ ಅಳಿವೆಗಳಲ್ಲಿ ತುಂಬಿದ ಹೂಳಿನ ಸುದ್ದಿ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ಹೂಳೆತ್ತಬೇಕೆಂಬ ಮೀನುಗಾರರ ಬೇಡಿಕೆ ನ್ಯಾಯವಾದುದೇ. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಆಗುವ, ಜೀವ ಉಳಿಸುವ ವಿಷಯದಲ್ಲಿ ಅದಕ್ಕೆ ಸಮನಾದ ಇನ್ನೊಂದು ಕೆಲಸದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಆಳವಿರುವ ದಾರಿ ಎತ್ತ ಸರಿಯಿತೆಂದು ಅಳೆದು, ದಾರಿ ತೋರಿಸುವ ತೇಲುಗುರುತುಗಳನ್ನು, ಅಂದರೆ ಬೋಯ್‌ಗಳನ್ನು, ಅದರ ಜೊತೆಗೇ ಸರಿಸುವುದು ಆ ಕೆಲಸ.

ಹೊನ್ನಾವರದ ಶರಾವತಿ ಅಳಿವೆಯನ್ನೇ ನೋಡೋಣ. ದಕ್ಷಿಣಕ್ಕೆ ಕಾಸರಕೋಡಿನ ಮರಳು, ಉತ್ತರಕ್ಕೆ ಪಾವಿನಕುರ್ವೆಯ ಮರಳು. ಇವೆರಡರ ನಡುವೆ ನದಿ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳಬೇಕು. ಮಳೆಗಾಲದ ಅಲೆಗಳು ದಂಡೆಯುದ್ದಕ್ಕೂ ಮರಳನ್ನು ತಂದು ಬಾಗಿಲಿಗೆ ಅಡ್ಡ ಹಾಕುತ್ತವೆ, ನದಿಯ ನೀರು ಮತ್ತು ಇಳಿತದ ಸೆಳೆತ ಅದನ್ನು ಹೊರಗೆ ದೂಡುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೆರೆಯ ದೊಡ್ಡ ಪಾಲು ಮೇಲೆಯೇ ತಡೆಯಲ್ಪಟ್ಟು, ವಿದ್ಯುದಾಗಾರದ ಲೆಕ್ಕಾಚಾರಕ್ಕೆ ತಕ್ಕಂತೆ ವರ್ಷವಿಡೀ ಕೆಳಗೆ ಬರುತ್ತದೆ. ಒಂದೇ ರಭಸದಲ್ಲಿ ಮರಳನ್ನು ಕೊಚ್ಚಿಕೊಂಡು ಹೋಗುತ್ತಿದ್ದ ಹಳೆಯ ನೆರೆಯನ್ನು ಇಂದು ನೆಚ್ಚಿಕೊಳ್ಳುವಂತಿಲ್ಲ. ಹೀಗಿರುವಾಗ ಮೇ ತಿಂಗಳಲ್ಲಿ ದೋಣಿಗಳು ಓಡಾಡಿದ ದಾರಿ ಆಗಸ್ಟ್‌ನಲ್ಲಿ ಅಲ್ಲಿಯೇ ಇರುತ್ತದೆಂದು ನಂಬಲು ಯಾವ ಆಧಾರವೂ ಇಲ್ಲ.

ನಿಷೇಧದ ಎರಡು ತಿಂಗಳಲ್ಲಿ ಅಳಿವೆಯ ತಳ ಹೊಸ ರೂಪ ತಾಳುತ್ತದೆ, ದೋಣಿಗಳು ಮಾತ್ರ ಹಳೆಯ ತಿಳಿವಳಿಕೆಯೊಂದಿಗೆ ಹೊರಡುತ್ತವೆ. ಈಗ ಬಹುತೇಕ ತಾಂಡೇಲರ, ಅಂದರೆ ದೋಣಿ ನಡೆಸುವವರ, ಮುಂದೆ ಜಿಪಿಎಸ್ ಪರದೆ ಇರುತ್ತದೆ, ಅದರಲ್ಲಿ ಕಳೆದ ಋತುವಿನ ದಾರಿ ಗೆರೆಯಾಗಿ ಉಳಿದಿರುತ್ತದೆ. ನೀರಿನಡಿಯಲ್ಲಿ ಮರಳು ಬೆಳೆದಿರುವುದನ್ನು ಆ ಗೆರೆ ಹೇಳುವುದಿಲ್ಲ. ಹಳೆಯ ಜಾಗದಲ್ಲಿ ಉಳಿದ ಬೋಯ್ ಕೂಡ ಆ ಗೆರೆಯನ್ನೇ ಸಮರ್ಥಿಸಿದರೆ, ರಾತ್ರಿ ಮೀನು ತುಂಬಿಕೊಂಡು ಬರುವ ತಾಂಡೇಲನಿಗೆ ಅನುಮಾನಪಡಲು ಕಾರಣವೇ ಸಿಗುವುದಿಲ್ಲ. ಬೋಯ್ ಇಲ್ಲದ ಅಳಿವೆಗಿಂತ ತಪ್ಪು ಜಾಗದಲ್ಲಿ ಬೋಯ್ ಇರುವ ಅಳಿವೆ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬೋಯ್ ಒಮ್ಮೆ ಹಾಕಿದರೆ ನಿಂತಲ್ಲೇ ನಿಲ್ಲುವ ವಸ್ತುವೂ ಅಲ್ಲ. ತಳದಲ್ಲಿ ಕಾಂಕ್ರೀಟಿನ ಭಾರ, ಅಲ್ಲಿಂದ ಮೇಲಕ್ಕೆ ನೀರಿನ ಆಳಕ್ಕಿಂತ ಉದ್ದವಾದ ಸರಪಳಿ, ಅದರ ತುದಿಯಲ್ಲಿ ಬೋಯ್. ಭರತದಲ್ಲಿ ಅದು ಒಳಗಿನ ಕಡೆಗೂ ಇಳಿತದಲ್ಲಿ ಕಡಲಿನ ಕಡೆಗೂ ತೇಲುತ್ತದೆ. ಮರಳು ಏರಿ ಭಾರದ ಜೊತೆಗೆ ಸರಪಳಿಯ ಕೆಳಭಾಗವೂ ಹೂತುಹೋದರೆ ಉಳಿದ ಸರಪಳಿ ಗಿಡ್ಡವಾಗಿ ಬೋಯ್ ಒಂದು ಕಡೆಗೆ ವಾಲುತ್ತದೆ. ತಳದ ಮರಳು ಕೊರೆದುಹೋದರೆ ಇಡೀ ಭಾರವೇ ಜರುಗಬಹುದು. ಸರಪಳಿಯ ಕೊಂಡಿಗಳೂ ಮರಳಿನಲ್ಲಿ ಉಜ್ಜಿ ಸವೆಯುತ್ತವೆ. ಆದ್ದರಿಂದ ಮೇಲೆ ಬಣ್ಣ ಬಳಿದು ದೀಪ ಬದಲಿಸಿದರೆ ನಿರ್ವಹಣೆ ಆದಂತಲ್ಲ. ಸರಪಳಿಯನ್ನು ಎತ್ತಿ ನೋಡಬೇಕು, ಭಾರ ಕುಳಿತ ಜಾಗವನ್ನು ಮತ್ತೆ ಅಳೆಯಬೇಕು.

ಹೂಗ್ಲಿ ನದಿಯಲ್ಲಿ ಇದು ನಿತ್ಯದ ಕೆಲಸ. ಕೋಲ್ಕತ್ತ ಬಂದರು ಸಮುದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ಒಳಗಿದೆ, ದಾರಿಯಲ್ಲಿ ಒಂದರ ನಂತರ ಒಂದು ಮರಳ ದಿಬ್ಬಗಳಿವೆ. 1694ರಲ್ಲಿ 'ರಾಯಲ್ ಜೇಮ್ಸ್ ಆಂಡ್ ಮೇರಿ' ಹಡಗು ಮುಳುಗಿದ ದಿಬ್ಬಕ್ಕೆ ಇಂದಿಗೂ ಆ ಹಡಗಿನದೇ ಹೆಸರು. ಅಲ್ಲಿ ಸರ್ವೆ ದೋಣಿಗಳು ದಿಬ್ಬಗಳ ಆಳವನ್ನು ಮತ್ತೆ ಮತ್ತೆ ಅಳೆಯುತ್ತವೆ, ಅದಕ್ಕೆ ತಕ್ಕಂತೆ ಬೋಯ್‌ಗಳನ್ನು ಸರಿಸಿ, ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳಿಗೆ ತಿಳಿಸಲಾಗುತ್ತದೆ. ನಮ್ಮ ಅಳಿವೆಗಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ಇರುವ ಒಂದು ಸಣ್ಣ ದೋಣಿ, ಭರತ-ಇಳಿತದ ಮಟ್ಟ ನೋಡಿಕೊಂಡು ಲೆಕ್ಕ ಸರಿಪಡಿಸಬಲ್ಲ ಒಬ್ಬ ಸರ್ವೇಯರ್, ಸ್ಥಳೀಯ ತಾಂಡೇಲರಿಬ್ಬರು ಇದ್ದರೆ ಅಳಿವೆಯ ಒಳದಾರಿಯನ್ನು ಅಳೆಯಬಹುದು.

ಜುಲೈ ಕೊನೆಯಲ್ಲಿ ಬಾಗಿಲಿನ ಹೊರಗೆ ಅಲೆ ಒಡೆಯುತ್ತಿರುವಾಗ ಸರ್ವೆ ಕಷ್ಟವೆಂಬುದು ನಿಜ. ಹಾಗಿದ್ದರೆ ಒಳಭಾಗವನ್ನಾದರೂ ನಿಷೇಧ ಮುಗಿಯುವ ಮೊದಲೇ ಅಳೆದು, ಹೊರಭಾಗದ ಅಳತೆ ಆಗಿಲ್ಲವೆಂದು ಜೆಟ್ಟಿಯಲ್ಲಿ ಸ್ಪಷ್ಟವಾಗಿ ಬರೆದು ಹಾಕಲಿ; ಕಡಲು ತಗ್ಗಿದ ಮೊದಲ ಅವಕಾಶದಲ್ಲೇ ಉಳಿದದ್ದನ್ನು ಮುಗಿಸಲಿ. ಆಳವನ್ನು ಮೀಟರಿನ ಜೊತೆಗೆ ಮಾರಿನಲ್ಲೂ ಬರೆಯಲಿ. ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದೇ ತಾಂಡೇಲನಿಗೆ ಬೇಕಾದ ಲೆಕ್ಕ. ಅದೇ ಇಳಿತದ ಸೆಳೆತ ಹೊರಗಿನಿಂದ ಬರುವ ಅಲೆಗೆ ಎದುರಾದಾಗ ಅಲೆ ಕಡಿದಾಗಿ ಏಳುತ್ತದೆ, ಹಿಂಬದಿ ಎತ್ತಲ್ಪಟ್ಟ ದೋಣಿಯ ಮುಂಭಾಗ ಮರಳಿಗೆ ತಗುಲಿ ದೋಣಿ ಅಡ್ಡ ತಿರುಗುತ್ತದೆ. ಅಳಿವೆಯಲ್ಲಿ ದೋಣಿ ಮಗುಚುವುದು ಹೆಚ್ಚಾಗಿ ಹೀಗೆಯೇ.

ಭಾರತ ಅನುಸರಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಡಲಿನಿಂದ ಒಳಗೆ ಬರುವಾಗ ಕೆಂಪು ಬೋಯ್ ಎಡಕ್ಕೆ, ಹಸಿರು ಬೋಯ್ ಬಲಕ್ಕೆ ಇರಬೇಕು. ಇದನ್ನು ಹೊಸದಾಗಿ ದೋಣಿ ಹತ್ತುವ ಯುವಕರಿಗೂ, ಹೊರರಾಜ್ಯಗಳಿಂದ ದುಡಿಯಲು ಬರುವ ಕಾರ್ಮಿಕರಿಗೂ ಜೆಟ್ಟಿಯಲ್ಲೇ ಹೇಳಿಕೊಡಬೇಕು. ನಮ್ಮವರೂ ಬೋಯ್‌ಗೆ ದೋಣಿ ಕಟ್ಟುವುದನ್ನು, ಅದರ ಸರಪಳಿಗೆ ಬಲೆ ಸಿಕ್ಕಿಸುವುದನ್ನು ಬಿಡಬೇಕು. 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ 2021ರಲ್ಲಿ ಬಂದ ನೌಕಾಯಾನ ನೆರವುಗಳ ಕಾಯ್ದೆ ಇಂಥ ಗುರುತುಗಳಿಗೆ ಹಾನಿ ಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಹೂಳೆತ್ತುವ ಗುತ್ತಿಗೆಯ ಕರಾರಿನಲ್ಲಿಯೇ ಈ ವಿಷಯ ಸೇರಬೇಕೆಂಬುದು ನನ್ನ ವಿನಂತಿ. ಹೂಳೆತ್ತಿದ ದಾರಿಯ ಅಳತೆ, ಬೋಯ್‌ಗಳ ಸ್ಥಾನ, ಮಳೆಗಾಲದ ನಂತರದ ಮರು ಅಳತೆ ಇವೆಲ್ಲವನ್ನೂ ಮೀನುಗಾರರ ಸಹಕಾರ ಸಂಘಗಳಿಗೆ ಲಿಖಿತವಾಗಿ ಒಪ್ಪಿಸಿದ ಮೇಲೆಯೇ ಕೊನೆಯ ಕಂತಿನ ಹಣ ಪಾವತಿಯಾಗಲಿ.

ಇಂತಿ,
ಹೊನ್ನಾವರದ ಓದುಗ