ಏಳು ತಲೆಗೆ ಏಳು ಅರ್ಥ ಯಾಕೆ?

ಪ್ರೀತಿಯ ತಮ್ಮಾ,

ನಿನ್ನ ಕವಿತೆಗಳ ಕಟ್ಟು ಬಂದು ಮೂರು ವಾರ ಆಯಿತು. ಛಂದಸ್ಸು ಸರಿ ಇದೆಯಾ, ಯಾವ ಪ್ರಕಾಶಕರಿಗೆ ಕೊಡಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರನ್ನಾದರೂ ಕೇಳು. ನನ್ನ ತಕರಾರು ನಿನ್ನ ಹಾವಿನ ಬಗ್ಗೆ.

ಬೈಬಲಿನ ಲಿವ್ಯಾತಾನನ್ನು, ಆ ಸಮುದ್ರದ ದೈತ್ಯ ಹಾವನ್ನು, ತಂದು ಕವಿತೆಯೊಳಗೆ ಬಿಟ್ಟಿದ್ದೀಯ. ಬಿಡು, ತಪ್ಪೇನಿಲ್ಲ. ಆದರೆ ಏಳು ತಲೆಗೂ ಒಂದೊಂದು ಅರ್ಥ ಅಂಟಿಸಿದ್ದೀಯ. ಒಂದು ಲೋಭ, ಒಂದು ಭಯ, ಇನ್ನೊಂದು ಸಾಲ. ಸಾಲದ್ದಕ್ಕೆ ಕೆಳಗೆ ಟಿಪ್ಪಣಿ! ಹಾವು ಅಲ್ಲೇ ಸತ್ತಿತು ಮಾರಾಯ.

ಆ ಹಾವು ಬೈಬಲಿನ ಹೀಬ್ರೂ ಕವಿಗಳ ಸ್ವಂತದ್ದೂ ಅಲ್ಲ. 1929ರಲ್ಲಿ ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ ಅಗೆಯಲು ಶುರು ಮಾಡಿದರು. ಉಗಾರಿತ್ ಎಂಬ ಹಳೇ ಪಟ್ಟಣ ಸಿಕ್ಕಿತು. ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಬಾಳ್ ಎಂಬ ಮಳೆದೇವರ ಕಥೆ ಇದೆ. ಅದರಲ್ಲಿ ಬರುವ ಏಳು ತಲೆಯ ಸರ್ಪಕ್ಕೆ ಎರಡು ಬಿರುದು: ಓಡುವ ಸರ್ಪ, ನುಲಿಯುವ ಸರ್ಪ. ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದ 27ನೇ ಅಧ್ಯಾಯ ತೆಗೆದು ನೋಡು, ಅವೇ ಎರಡು ಮಾತು. ಉಗಾರಿತ್ ಹಾಳಾಗಿ ನೂರಾರು ವರ್ಷ ಕಳೆದಿದ್ದರೂ ಮಾತು ಉಳಿದಿತ್ತು.

ಈಗ ಬೈಬಲಿನ 74ನೇ ಕೀರ್ತನೆಗೆ ಬಾ. ದೇವಾಲಯ ಸುಟ್ಟಿದೆ. ಕೆತ್ತನೆಯನ್ನೆಲ್ಲ ಶತ್ರುಗಳು ಕೊಡಲಿಯಿಂದ ಒಡೆದಿದ್ದಾರೆ. ಇದು ಎಲ್ಲಿಯ ತನಕ ಅಂತ ಹೇಳಲು ಒಬ್ಬ ಪ್ರವಾದಿಯೂ ಉಳಿದಿಲ್ಲ. ಆಗ ಕವಿ ಹಳೇ ಹಾವನ್ನು ಎಳೆದು ತರುತ್ತಾನೆ. ಸಮುದ್ರವನ್ನು ಸೀಳಿದವನು ನೀನು, ಲಿವ್ಯಾತಾನನ ತಲೆಗಳನ್ನು ಜಜ್ಜಿದವನು ನೀನು. ಎಷ್ಟು ತಲೆ ಅಂತ ಅವನು ಹೇಳುವುದಿಲ್ಲ. ಆದರೆ 13ರಿಂದ 17ನೇ ವಚನದವರೆಗೆ ಹೀಬ್ರೂವಿನಲ್ಲಿ ‘ನೀನು’ ಎಂಬ ಪದ ಎಷ್ಟು ಸಲ ಬರುತ್ತದೆ ಗೊತ್ತಾ? ಏಳು ಸಲ. ಬೇಕಂತಲೇ ಮಾಡಿದನೋ ಏನೋ, ನನಗಂತೂ ಅದು ಎದೆಗೆ ಬೆರಳು ಚುಚ್ಚಿ ಕೇಳಿದ ಹಾಗೆ ಕಾಣುತ್ತದೆ. ಅಷ್ಟೆಲ್ಲ ಮಾಡಿದವನು ಈಗ ಯಾಕೆ ಕೈ ಕಟ್ಟಿ ಕೂತಿದ್ದೀಯ? ಅದು ಹೊಗಳಿಕೆ ಅಲ್ಲ, ಜಗಳ.

ಬೈಬಲಿನ ಇನ್ನೊಂದು ಸಮುದ್ರ ದೈತ್ಯ ರಹಬ್ ಎಂದರೆ ಐಗುಪ್ತ, ಅಂದರೆ ಈಜಿಪ್ಟ್, ಅಲ್ವಾ, ಅಲ್ಲಿ ಅರ್ಥ ಹಚ್ಚಿದ್ದಾರಲ್ಲ ಅಂತ ನೀನು ವಾದ ಹೂಡುತ್ತೀಯ, ಗೊತ್ತು. ಯೆಶಾಯ ಹಾಗೆ ಕರೆದದ್ದು ಗೇಲಿ ಮಾಡಲು. ಕೂತಲ್ಲೇ ಕೂತ ರಹಬ್ ಅಂತ. ಅಡ್ಡಹೆಸರಿಗೂ ಟಿಪ್ಪಣಿಗೂ ವ್ಯತ್ಯಾಸ ಇದೆ. 104ನೇ ಕೀರ್ತನೆಯಲ್ಲಂತೂ ಅದೇ ಲಿವ್ಯಾತಾನ್ ಸಮುದ್ರದಲ್ಲಿ ಸುಮ್ನೆ ಆಟ ಆಡುತ್ತದೆ. ನಿನ್ನ ಪಟ್ಟಿಯಲ್ಲಿ ಆ ಆಟಕ್ಕೆ ಜಾಗ ಎಲ್ಲಿ?

ಬೈಯುವ ಹಕ್ಕು ನನಗೆ ಜಾಸ್ತಿ ಇಲ್ಲ. ನನ್ನ ಮೊದಲ ಸಂಕಲನಕ್ಕೆ ಹನ್ನೊಂದು ಪುಟ ಟಿಪ್ಪಣಿ ನಾನೇ ಬರೆದಿದ್ದೆ. ಒಬ್ಬ ವಿಮರ್ಶಕರು ಅದನ್ನು ಬಾಯ್ತುಂಬ ಹೊಗಳಿದರು. ಆ ಕಾಗದದ ತುಂಡನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ಕವಿತೆಗಳ ಬಗ್ಗೆ ಅವರು ಒಂದು ಸಾಲೂ ಬರೆದಿರಲಿಲ್ಲ. ಅದು ಕಣ್ಣಿಗೆ ಬೀಳಲು ಹತ್ತು ವರ್ಷ ಬೇಕಾಯಿತು. ಅವರ ಮೇಲೆ ಸಿಟ್ಟು ಇನ್ನೂ ಇದೆ. ನನ್ನ ಮೇಲೂ.

ನಿನ್ನ ಆರನೇ ಕವಿತೆಯಲ್ಲಿ ಒಂದು ಕಡೆ, ಒಂದೇ ಕಡೆ, ‘ನೀನು’ ಅಂತ ಬರೆದು ಹೊಡೆದುಹಾಕಿದ್ದೀಯ. ಶಾಯಿಯ ಕೆಳಗೆ ಕಾಣುತ್ತದೆ. ಅದು ಯಾರಿಗೆ? ನನಗೆ ಹೇಳುವುದೇನೂ ಬೇಡ. ಆ ಪದ ವಾಪಸ್ ಹಾಕಿ ಕವಿತೆಯನ್ನು ಇನ್ನೊಮ್ಮೆ ಕಳಿಸು, ಟಿಪ್ಪಣಿ ಬಿಟ್ಟು.

ನಿನ್ನ ಅಣ್ಣ