ಬೇಸಿಗೆ ಮುಗಿಯೋಕೆ ಮುಂಚೆ ಅಮ್ಮನಿಗೊಂದು ಪತ್ರ

ಸ್ಟಾಕ್‌ಹೋಮ್, ಆಗಸ್ಟ್ 24

ಪ್ರೀತಿಯ ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ತೀರ್ಥಹಳ್ಳಿ ಕಡೆ ಮಳೆ ಬಿಟ್ಟೇ ಇಲ್ಲ ಅಂತ ತಮ್ಮ ಮೆಸೇಜ್ ಮಾಡಿದ್ದ. ಅಪ್ಪನಿಗೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸೋಕೆ ಹೊಳವು ಸಿಕ್ಕಿತಾ? ಈ ಮಳೆಗೆ ಕೊಳೆ ರೋಗ ಹತ್ತಿದರೆ ಕಷ್ಟ, ಅದೇ ಯೋಚನೆ ನನಗೆ.

ಇಲ್ಲಿ ಬೇಸಿಗೆ ಮುಗಿಯುತ್ತಾ ಬಂತು. ಲೆಕ್ಕದಲ್ಲಿ ಇನ್ನೂ ಮುಗಿದಿಲ್ಲ. ದಿನದ ಸರಾಸರಿ ಉಷ್ಣತೆ ಸತತ 5 ದಿನ 10 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಇಲ್ಲಿನ ಹವಾಮಾನ ಇಲಾಖೆಯವರು ಬೇಸಿಗೆ ಹೋಯಿತು ಅನ್ನುತ್ತಾರೆ, ಸ್ಟಾಕ್‌ಹೋಮ್‌ನಲ್ಲಿ ಅದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಆದರೆ ಬೇಸಿಗೆ ಹೋಗುತ್ತಿರೋದು ಚಳಿಯಲ್ಲಿ ಅಲ್ಲ ಅಮ್ಮ, ಬೆಳಕಿನಲ್ಲಿ ಗೊತ್ತಾಗುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುತ್ತಿದ್ದದ್ದು ರಾತ್ರಿ 10 ದಾಟಿದ ಮೇಲೆ, ಹುಟ್ಟುತ್ತಿದ್ದದ್ದು ಬೆಳಗಿನ ಮೂರೂವರೆಗೆ, ನಡುವೆ ಕೂಡ ಪೂರ್ತಿ ಕತ್ತಲೆ ಆಗುತ್ತಲೇ ಇರಲಿಲ್ಲ. ಈಗ ಎಂಟೂಕಾಲಿಗೆಲ್ಲ ಮುಳುಗುತ್ತಾನೆ. ದಿನಕ್ಕೆ ಹೆಚ್ಚುಕಮ್ಮಿ 5 ನಿಮಿಷ ಹಗಲು ಕಡಿಮೆ ಆಗುತ್ತಿದೆ. ಐದೇ ನಿಮಿಷ ಅಲ್ವಾ ಅನ್ನಿಸಬಹುದು. ವಾರಕ್ಕೆ ಅರ್ಧ ಗಂಟೆ ಆಯಿತು ನೋಡು. ನಮ್ಮ ಕಡೆ ಇಡೀ ವರ್ಷದಲ್ಲಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ 12 ಗಂಟೆಗೂ ಜಾಸ್ತಿ. ಡಿಸೆಂಬರ್ ಬಂತೆಂದರೆ ಮಧ್ಯಾಹ್ನ 3ರೊಳಗೆ ಸೂರ್ಯ ಹೋಗಿರುತ್ತಾನೆ.

ಅದಕ್ಕೇ ಈಗ ಸಂಜೆ ಮನೆಯೊಳಗೆ ಕೂರೋಕೆ ಮನಸ್ಸೇ ಬರುವುದಿಲ್ಲ. ಪಾತ್ರೆ, ಬಟ್ಟೆ ಎಲ್ಲ ರಾತ್ರಿಗೆ ಇಟ್ಟುಕೊಂಡು, ಕೆಲಸದಿಂದ ಬಂದ ಕೂಡಲೇ ಪುಟ್ಟಿಯನ್ನು ಕರೆದುಕೊಂಡು ಮೆಲಾರೆನ್ ಕೆರೆಗೆ ಹೋಗುತ್ತೇನೆ. ಕೆರೆ ಅಂದರೆ ಸಣ್ಣದಲ್ಲ, ಊರಿನ ಒಳಗಿನ ತನಕ ಬಂದು ಸಮುದ್ರ ಸೇರುವ ದೊಡ್ಡ ಸರೋವರ. ದಡದಲ್ಲಿ ನೀರಿಗೆ ಚಾಚಿದ ಮರದ ಕಟ್ಟೆ ಇದೆ. ಹಗಲೆಲ್ಲ ಕಾದ ಹಲಗೆ ಸಂಜೆ ಏಳಕ್ಕೂ ಬೆಚ್ಚಗಿರುತ್ತದೆ. ಪುಟ್ಟಿ ನೀರಿನಿಂದ ಎದ್ದು ಬಂದು ತುಟಿ ನೀಲಿ ಮಾಡಿಕೊಂಡು ಹೊಟ್ಟೆ ಕೆಳಗಾಗಿ ಆ ಹಲಗೆ ಮೇಲೆ ಮಲಗುತ್ತಾಳೆ, ಎದ್ದ ಮೇಲೆ ಅವಳ ಒದ್ದೆ ಮೈಯ ಅಚ್ಚು ಅಲ್ಲೇ ಇರುತ್ತೆ, ಅದು ಆರುವವರೆಗೂ ಕಾದು ನೋಡಿ ಮತ್ತೆ ನೀರಿಗೆ ಹಾರುತ್ತಾಳೆ. ಜುಲೈನಲ್ಲಿ ಆ ಅಚ್ಚು ನೋಡುತ್ತಿದ್ದ ಹಾಗೇ ಆರಿಬಿಡುತ್ತಿತ್ತು. ಈಗ ತುಂಬಾ ಹೊತ್ತು ಇರುತ್ತೆ. ದಾರಿಯಲ್ಲಿರುವ ರೋವನ್ ಮರಗಳಲ್ಲಿ ಹಣ್ಣಿನ ಗೊಂಚಲು ಕೆಂಪಾಗಿವೆ, ಸ್ಕೂಲೂ ಶುರುವಾಗಿದೆ.

ಮೊನ್ನೆ ಪಕ್ಕದ ಮನೆ ಅಜ್ಜಿ ಜೊತೆ ಕಾಡಿಗೆ ಹೋಗಿದ್ದೆವು. ಇಲ್ಲಿ ಕಾಡು ಯಾರದ್ದೇ ಆಗಿರಲಿ, ಯಾರು ಬೇಕಾದರೂ ಹೋಗಿ ಕಾಡುಹಣ್ಣು, ಅಣಬೆ ಕಿತ್ತುಕೊಳ್ಳಬಹುದು. ಮನೆ ಅಂಗಳ, ಬೆಳೆ ಇರುವ ಜಾಗಕ್ಕೆ ಮಾತ್ರ ಕಾಲಿಡುವ ಹಾಗಿಲ್ಲ. ಈ ದೇಶದಲ್ಲಿ ನನಗೆ ತುಂಬಾ ಇಷ್ಟವಾದ ಪದ್ಧತಿ ಇದು. ಬ್ಲೂಬೆರ್ರಿ ಗಿಡ ಮೊಣಕಾಲೆತ್ತರವೂ ಇಲ್ಲ, ಹಲ್ಲಿರುವ ಡಬ್ಬಿಯಿಂದ ಗಿಡವನ್ನು ಬಾಚಿದರೆ ಹಣ್ಣು ಒಳಗೆ ಬೀಳುತ್ತವೆ. ಅಂಗಡಿಯಲ್ಲಿ ಸಿಗುವ ದಪ್ಪ ಹಣ್ಣಿನ ಒಳಗೆ ಬಿಳಿ, ಕಾಡಿನದ್ದು ಒಳಗೂ ಕಡು ನೇರಳೆ. ತಿಂದರೆ ನೇರಳೆಹಣ್ಣು ತಿಂದ ಹಾಗೆ ನಾಲಿಗೆ, ಹಲ್ಲು ಎಲ್ಲ ಬಣ್ಣ. ಕೊನೆಕೊನೆಯ ಹಣ್ಣು, ಕೆಲವು ಮೆತ್ತಗಾಗಿದ್ದವು, ಸಿಹಿ ಮಾತ್ರ ಅವಕ್ಕೇ ಜಾಸ್ತಿ. ಪಾಚಿ ನಡುವೆ ಹಳದಿ ಅಣಬೆಯೂ ಸಿಕ್ಕಿತು, ಕಾಂತರೆಲ್ ಅನ್ನುತ್ತಾರೆ. ಅಜ್ಜಿ ಒಂದೊಂದನ್ನೂ ಮಗುಚಿ ನೋಡಿ ಖಾತ್ರಿಯಾದ ಮೇಲೇ ಬುಟ್ಟಿಗೆ ಹಾಕಿದರು. ಬೆಣ್ಣೆಯಲ್ಲಿ ಹುರಿದು ತಿಂದೆವು. ಮಳೆ ಹಿಡಿದಾಗ ನೀನು ಮಾಡುವ ಅಣಬೆ ಸಾರು, ಕಡುಬು ಎಷ್ಟು ನೆನಪಾಯಿತು ಗೊತ್ತಾ.

ಅಜ್ಜಿ ಮನೆಯಲ್ಲಿ ಈಗ ಜಾಮ್ ಮಾಡೋದು, ಹಣ್ಣು ಫ್ರೀಜರ್‌ಗೆ ತುಂಬೋದು ನಡೆದಿದೆ. ಮೇ ತಿಂಗಳಲ್ಲಿ ನೀನು ಸಂಡಿಗೆ, ಹಪ್ಪಳ ಒಣಗಿಸಿ, ಮಿಡಿ ಉಪ್ಪಿಗೆ ಹಾಕಿ, ಕಟ್ಟಿಗೆ ಕೊಟ್ಟಿಗೆ ತುಂಬಿಸುತ್ತಿದ್ದೆ. ಆಗ ನಮಗೆ ಅದು ಮಳೆಗಾಲದ ತಯಾರಿ ಅಷ್ಟೇ, ಮಳೆ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆವು. ಬೇಸಿಗೆ ಹೋಗುತ್ತದಲ್ಲಾ ಅಂತ ಬೇಜಾರು ಮಾಡಿಕೊಂಡವರನ್ನು ನಮ್ಮೂರಲ್ಲಿ ನಾನು ನೋಡಿಯೇ ಇಲ್ಲ. ಇಲ್ಲಿ ಎಲ್ಲರಿಗೂ ಬೇಜಾರು. ನನಗೂ ಆಗಿಬಿಟ್ಟಿದೆ.

ಶನಿವಾರ ಅಜ್ಜಿ ಊಟಕ್ಕೆ ಕರೆದಿದ್ದಾರೆ, ಕ್ರೇಫಿಶ್ ಊಟ. ಮೈ ಸಿಗಡಿಯದು, ಮುಂದೆ ಏಡಿಗಿರೋ ಥರ ಎರಡು ದಪ್ಪ ಕಾಲು. ಹಿಂದೆ ಆಗಸ್ಟ್ ಬರುವವರೆಗೆ ಅದನ್ನು ಹಿಡಿಯೋಕೆ ಕಾನೂನೇ ಬಿಡುತ್ತಿರಲಿಲ್ಲವಂತೆ. ಈಗ ಆ ಕಟ್ಟು ಇಲ್ಲ, ಆದರೂ ಊಟ ಮಾಡೋದು ಆಗಸ್ಟ್‌ನಲ್ಲೇ, ಹೊರಗೆ ಕಾಗದದ ದೀಪ ತೂಗುಹಾಕಿ, ಹಾಡು ಹೇಳಿಕೊಂಡು. ಉಪ್ಪುನೀರಿಗೆ ಹೂ ಬಿಟ್ಟ ಸಬ್ಬಸಿಗೆ ಕಟ್ಟುಗಟ್ಟಲೆ ಹಾಕಿ ಬೇಯಿಸುತ್ತಾರೆ. ಹೌದಮ್ಮ, ನಮ್ಮ ಸಬ್ಬಸಿಗೆ ಸೊಪ್ಪೇ. ಇಲ್ಲಿ ಮೀನು, ಆಲೂಗಡ್ಡೆ ಎಲ್ಲಕ್ಕೂ ಅದು ಬೇಕು. ನಾನೂ ಒಂದು ಕಟ್ಟು ತಂದು ಅಕ್ಕಿ ರೊಟ್ಟಿ ಮಾಡಿ ತೆಗೆದುಕೊಂಡು ಹೋಗುತ್ತೇನೆ.

ಇನ್ನೊಂದು ಮಾತು. ನೀನು ರಾತ್ರಿ ಊಟ ಮುಗಿಸಿ 9ಕ್ಕೆ ಫೋನ್ ಮಾಡುವಾಗ ಇಲ್ಲಿ ಸಂಜೆ ಐದೂವರೆ, ನಾವು ಹೊರಗೆ ಓಡುವ ಹೊತ್ತು. ಸೆಪ್ಟೆಂಬರ್ ಮುಗಿಯುವವರೆಗೆ ಬೆಳಿಗ್ಗೆ 11ಕ್ಕೆ ಮಾಡುತ್ತೀಯಾ? ನಮಗೆ ಏಳೂವರೆ ಆಗಿರುತ್ತೆ, ಪುಟ್ಟಿಯೂ ಸಿಗುತ್ತಾಳೆ. ಆಮೇಲೆ ಚಳಿಗಾಲವಿಡೀ ಸಂಜೆ ನಿನ್ನ ಜೊತೆಗೇ ಮಾತು.

ಮುಂದಿನ ವರ್ಷ ನೀವಿಬ್ಬರೂ ಬರಲೇಬೇಕು, ಅದೂ ಜೂನ್‌ನಲ್ಲಿ. ತೋಟ ಬಿಟ್ಟು ಬರೋಕಾಗಲ್ಲ ಅಂತ ಅಪ್ಪ ಹೇಳುತ್ತಾರೆ, ಗೊತ್ತು. ಮೇ ಕೊನೆಗೆ ಮೊದಲ ಔಷಧಿ ಹೊಡೆಸಿ ಹೊರಟರೆ, 40 ದಿನ ಬಿಟ್ಟು ಎರಡನೆಯದು ಹೊಡೆಸುವ ಹೊತ್ತಿಗೆ ವಾಪಸ್ ಇರಬಹುದು. ಅಷ್ಟರಲ್ಲಿ ಇಲ್ಲಿನ ಅತಿ ಉದ್ದದ ಹಗಲುಗಳೆಲ್ಲ ಸಿಗುತ್ತವೆ. ಅಪ್ಪನ ಪಾಸ್‌ಪೋರ್ಟ್ ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡಿ ಫೋಟೋ ಕಳಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಪ್ರೀತಿಯ ಮಗಳು